ಪುಡಿಯಾದ ಮಾತ್ರಕ್ಕೆ ಉಳಿಯಿತೆನ್ನಬೇಡ

ತಮ್ಮಾ, ಫಾರ್ಮಸಿ ಮುಗಿಸಿ ಹೈದರಾಬಾದಿನ ಕಾರ್ಖಾನೆಯಲ್ಲಿ ಸ್ಪ್ರೇ ಡ್ರೈಯರ್ ಮುಂದೆ ನಿಲ್ಲುವ ಕೆಲಸಕ್ಕೆ ಹೊರಟಿದ್ದೀಯ ಅಂತ ಕೇಳಿದೆ. ಒಳ್ಳೆಯದಾಯಿತು. ಪ್ರೋಟೀನ್ ಔಷಧವನ್ನು ಯಾಕೆ ಒಣಗಿಸಬೇಕು ಅಂತ ತೆಲಂಗಾಣದ ಐಜದಲ್ಲಿ ಬೆಳೆದವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೃಷ್ಣೆಗೂ ತುಂಗಭದ್ರೆಗೂ ನಡುವಿನ ಈ ನಡಿಗಡ್ಡದಲ್ಲಿ ಮೇ ತಿಂಗಳು ಬಿಸಿಲು 40 ಡಿಗ್ರಿ ದಾಟುತ್ತದೆ. ಕರೆಂಟು ಹೋದರೆ ಫ್ರಿಜ್ಜು ಬರೀ ಪೆಟ್ಟಿಗೆ. ಬಾಟಲಿ ತೆರೆಯುವ ತನಕ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಫ್ರಿಜ್ಜಿಲ್ಲದವರು ಅದನ್ನು ಮಣ್ಣಿನ ಮಡಕೆಯ ತಂಪಿನಲ್ಲಿ ಇಡುತ್ತಾರೆ.

ಆ ಮಡಕೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ನಿನ್ನ ಯಂತ್ರವನ್ನು ನೋಡು. ಒಳಬರುವ ಗಾಳಿ 100 ಡಿಗ್ರಿಗೂ ಮೀರಿ ಕಾದಿರುತ್ತದೆ. ಅದರೊಳಕ್ಕೆ ಸಿಂಪಡಿಸಿದ ಪ್ರೋಟೀನ್ ಬೆಂದೇಹೋಗಬೇಕು ಅನ್ನಿಸುತ್ತದೆ. ಬೇಯುವುದಿಲ್ಲ. ಮಡಕೆಯ ಮೈ ಜಿನುಗಿ ಒಳಗಿನ ನೀರು ತಂಪಾಗುವ ಹಾಗೆ, ಮೇಲಿನ ನೀರು ಆವಿಯಾಗುತ್ತಿರುವ ತನಕ ಹನಿಗೆ ಆ ಬಿಸಿ ತಟ್ಟುವುದಿಲ್ಲ. ನೀರು ಮುಗಿದ ಮೇಲೆ ಕಾಯುವವರಿಲ್ಲ. ಆಗ ಪುಡಿಗೆ ತಟ್ಟುವುದು ಹೊರಹೋಗುವ ಗಾಳಿಯ ಬಿಸಿ. ಹೊಸಬರು ಒಳಬರುವ ಗಾಳಿಯ ಮೀಟರು ನೋಡಿ ಬೆವರುತ್ತಾರೆ. ನೀನು ಇನ್ನೊಂದರ ಮೇಲೆ ಕಣ್ಣಿಡು.

ಬಿಸಿಗಿಂತ ಮೋಸದ್ದು ಹನಿಯ ಮೇಲ್ಮೈ. ನೀರೂ ಗಾಳಿಯೂ ಕೂಡುವ ಅಂಚಿಗೆ ಪ್ರೋಟೀನ್ ಓಡಿಬರುತ್ತದೆ, ಅಲ್ಲಿ ಅದರ ಮಡಿಕೆ ಬಿಚ್ಚಿಕೊಳ್ಳುತ್ತದೆ, ಬಿಚ್ಚಿದವು ಒಂದಕ್ಕೊಂದು ಅಂಟುತ್ತವೆ. ಅದಕ್ಕೇ ಚೂರು ಪಾಲಿಸಾರ್ಬೇಟ್ ಹಾಕಿ ಆ ಜಾಗವನ್ನು ಮೊದಲೇ ಹಿಡಿಸುವುದು. ನೀರು ಬಿಟ್ಟುಹೋದ ಕಡೆ ಟ್ರೆಹಲೋಸ್ ಅಥವಾ ಸುಕ್ರೋಸ್ ಕೂತು ಪ್ರೋಟೀನನ್ನು ಗಾಜಿನಂಥ ಗಟ್ಟಿತನದಲ್ಲಿ ಹಿಡಿದಿಡುತ್ತದೆ. ಅಗ್ಗ ಅಂತ ಲ್ಯಾಕ್ಟೋಸ್‌ಗೆ ಕೈಹಾಕಬೇಡ. ಅದು ಪ್ರೋಟೀನಿನ ಜೊತೆ ಕೂಡಿ ದಾಸ್ತಾನಿನಲ್ಲೇ ಕಂದು ತಿರುಗುತ್ತದೆ.

ಸಿಂಪಡಿಸಿ ಒಣಗಿಸುವ ಈ ವಿದ್ಯೆಯೇನೂ ಹೊಸದಲ್ಲ, 1872ರಲ್ಲೇ ಅಮೆರಿಕದ ಸ್ಯಾಮುಯೆಲ್ ಪರ್ಸಿ ಪೇಟೆಂಟ್ ಪಡೆದಿದ್ದ. ಎಮ್ಮೆ ಹಾಲನ್ನು ಪುಡಿ ಮಾಡಲಾಗದು ಅನ್ನುತ್ತಿದ್ದ ಕಾಲದಲ್ಲಿ ಗುಜರಾತಿನ ಆನಂದ್ ಡೇರಿಯ ಎಚ್. ಎಂ. ದಲಾಯ ಮಾಡಿ ತೋರಿಸಿದರು. 1955ರಲ್ಲಿ ಅಲ್ಲಿ ಕಾರ್ಖಾನೆಯೇ ಎದ್ದಿತು. ಗಡಿಯಾಚೆ ರಾಯಚೂರಿನ ಶಾಲೆಗಳಲ್ಲಿ 2013ರಿಂದ ಕ್ಷೀರಭಾಗ್ಯ ಯೋಜನೆಯ ಹಾಲು ಕುಡಿಯುವ ಮಕ್ಕಳ ಲೋಟದಲ್ಲಿರುವುದೂ ಪುಡಿಯಿಂದಲೇ ಬಂದದ್ದು. ಹಾಲಿನ ಪ್ರೋಟೀನ್ ತುಸು ಬಿಚ್ಚಿಕೊಂಡರೂ ಹೊಟ್ಟೆ ತುಂಬಿಸುತ್ತದೆ. ಔಷಧದ್ದು ಹಾಗಲ್ಲ: ಗಂಟುಕಟ್ಟಿದರೆ ಗುಣವೂ ಹೋಯಿತು, ಮೈ ಅದನ್ನು ಪರಕೀಯವೆಂದು ತಿರುಗಿಬೀಳಲೂಬಹುದು.

ಹತ್ತಿ ಹೊಲದಲ್ಲಿ ಹಾವು ಕಚ್ಚಿದವರಿಗೆ ಕೊಡುವ ವಿಷನಿರೋಧಕದ ಪುಡಿ ನೀನು ಕಂಡಿರಬಹುದು. ಅದು ಕುದುರೆಯ ಪ್ರತಿಕಾಯ. ಸಿಂಪಡಿಸಿ ಒಣಗಿಸಿದ್ದಲ್ಲ, ಸೀಸೆಯಲ್ಲೇ ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸಿದ್ದು. ದಿನಗಟ್ಟಲೆ ಹಿಡಿಯುವ ಆ ದುಬಾರಿ ದಾರಿಯನ್ನು ಕಂಪನಿಗಳು ಬಿಡದಿರುವುದಕ್ಕೆ ಕಾರಣವಿದೆ. ಅಲ್ಲಿ ಮದ್ದು ಸೀಸೆ ಬಿಟ್ಟು ಕದಲುವುದಿಲ್ಲ. ನಿನ್ನ ಸ್ಪ್ರೇ ಡ್ರೈಯರಿನ ಗೋಪುರದಿಂದ ಬರುವ ಪುಡಿಯನ್ನು ಒಂದು ಸೂಕ್ಷ್ಮಾಣುವೂ ಸೋಕದಂತೆ ಹಿಡಿದು, ಅಳೆದು, ತುಂಬಬೇಕು. ಹಾಗೆ ಸಿಂಪಡಿಸಿ ಒಣಗಿಸಿದ, ರಕ್ತ ನಿಲ್ಲಿಸುವ ರಾಪ್ಲಿಕ್ಸಾ ಎಂಬ ಪುಡಿಗೆ ಅಮೆರಿಕದ ಒಪ್ಪಿಗೆ ಸಿಕ್ಕಿದ್ದೇ 2015ರಲ್ಲಿ.

ಎಕ್ಸುಬೆರಾದ ಕಥೆಯನ್ನೂ ಓದಿಕೋ. ಉಸಿರಿನಲ್ಲಿ ಎಳೆಯುವ ಇನ್ಸುಲಿನ್, ಸಿಂಪಡಿಸಿ ಒಣಗಿಸಿದ್ದು, 2006ರಲ್ಲಿ ಒಪ್ಪಿಗೆಯಾಯಿತು. ಮರುವರ್ಷವೇ ಫೈಝರ್ ಕೈಬಿಟ್ಟಿತು. ಒಣಗಿಸಿದವರ ತಪ್ಪಿರಲಿಲ್ಲ. ಸಾಧನ ದೊಡ್ಡದು, ಬೆಲೆ ಜಾಸ್ತಿ. ಸಾಲದ್ದಕ್ಕೆ 1 ಮಿಲಿಗ್ರಾಮಿನ ಮೂರು ಪೊಟ್ಟಣ ಎಳೆದರೆ 3 ಮಿಲಿಗ್ರಾಮಿನ ಒಂದಕ್ಕಿಂತ ಹೆಚ್ಚು ಇನ್ಸುಲಿನ್ ಮೈಗೆ ಸೇರುತ್ತಿತ್ತು. ಇಂಥ ಲೆಕ್ಕವನ್ನು ಮುದುಕಿಯೊಬ್ಬಳಿಗೆ ತಿಳಿಸಿಹೇಳುವವರು ಯಾರು?

ಸಾಮಾನ್ಯ ತಾಪದಲ್ಲಿ ಇಡುವ ಮದ್ದಿಗೆ ಆರು ತಿಂಗಳ ತ್ವರಿತ ಪರೀಕ್ಷೆ ಅಂತಿದೆ, 40 ಡಿಗ್ರಿ, ಶೇ. 75 ತೇವ. ಆ 40 ನಮ್ಮ ಮೇ ತಿಂಗಳ ಮಧ್ಯಾಹ್ನ. ಪುಡಿ ಅದನ್ನು ತಡೆದೀತು, ಹೆದರಬೇಕಾದ್ದು ತೇವಕ್ಕೆ. ತೇವ ಹೀರಿದ ಸಕ್ಕರೆಯ ಗಾಜು ಮೆತ್ತಗಾದರೆ ಒಳಗಿನ ಪ್ರೋಟೀನ್ ಮತ್ತೆ ಅಲುಗುತ್ತದೆ. ಹಾಗಾಗಿ ಪುಡಿ ಬೆಳ್ಳಗೆ ಉದುರುದುರಾಗಿದೆ ಅಂತ ಯಾರಾದರೂ ಸಹಿಗೆ ಕಾಗದ ಚಾಚಿದರೆ, ನೀರಿನಲ್ಲಿ ಕರಗಿಸಿ ಗಂಟುಗಳ ಲೆಕ್ಕ ಕೇಳು, ಮುಚ್ಚಳ ಎಷ್ಟು ತೇವ ಬಿಡುತ್ತದೆ ಅಂತಲೂ ಕೇಳು.