ಉಪ್ಪು ಕಡಿಮೆಯಾದರೆ ನೈವೇದ್ಯಕ್ಕೆ ಲೋಪವೇ?

ಪ್ರಶ್ನೆ: ನಮ್ಮ ಮಾವನವರಿಗೆ 72 ವರ್ಷ. ರಕ್ತದೊತ್ತಡ ಮೊದಲಿಂದಲೂ ಇದೆ. ಹೋದ ವರ್ಷ ಹೃದಯವೂ ದುರ್ಬಲವಾಗಿದೆ ಅಂತ ಡಾಕ್ಟರು ಉಪ್ಪು ಕಡಿಮೆ ಮಾಡಿಸಿದ್ದಾರೆ. ಆದರೆ ಗೌರಿ-ಗಣೇಶ ಹಬ್ಬದಲ್ಲಿ ಯಾರ ಮಾತೂ ನಡೆಯಲಿಲ್ಲ. ಆಂಬೊಡೆ, ಪುಳಿಯೋಗರೆ, ಹಪ್ಪಳ, ಆಮೇಲೆ ನಾಲ್ಕು ದಿನ ಚಕ್ಕುಲಿ-ಕೋಡುಬಳೆ. ಐದನೇ ದಿನ ಕಾಲು ಊದಿಕೊಂಡು, ರಾತ್ರಿ ಮಲಗಿದರೆ ಉಸಿರು ಕಟ್ಟಿದಂತಾಗಿ ಆಸ್ಪತ್ರೆಗೆ ಓಡಿದೆವು. ಈಗ ಹುಷಾರಾಗಿದ್ದಾರೆ. ಇನ್ನೇನು ನವರಾತ್ರಿ ಬಂತು. ಈ ಸಲ ನೈವೇದ್ಯದ ಅಡುಗೆಗೇ ಉಪ್ಪು ಕಡಿಮೆ ಹಾಕೋಣ ಅಂದಿದ್ದಕ್ಕೆ ಅತ್ತೆಯವರು ಕಣ್ಣೀರು ಹಾಕಿದರು. "ಉಪ್ಪಿಲ್ಲದ ಊಟ ಸೂತಕದ ಮನೇದು ಕಣಮ್ಮ. ಹಬ್ಬದ ದಿನ ಮುತ್ತೈದೆ ಕೈಯಲ್ಲಿ ಅದನ್ನ ಮಾಡಿಸ್ತೀಯಾ?" ಅಂದರು. ಮಾವನವರು ಬೇರೆ ದಾರಿ ಹೇಳುತ್ತಾರೆ: "ಸೈಂಧವ ಲವಣ ಹಾಕಿ, ಏನೂ ಆಗಲ್ಲ. ಹೆಚ್ಚು ತಿಂದಿದ್ದಕ್ಕೆ ಏಕಾದಶಿ ನಿರ್ಜಲ ಮಾಡ್ತೀನಿ." ಪ್ರಸಾದ ಬೇಡ ಅನ್ನಬಹುದೇ ಎಂಬುದೂ ಒಂದು ಸಂದೇಹ. ದಯವಿಟ್ಟು ದಾರಿ ತೋರಿಸಬೇಕು.
— ಒಬ್ಬ ಸೊಸೆ, ಬೆಂಗಳೂರು

ಉತ್ತರ: ತಾಯಿ, ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆಗಳಿವೆ. ಮೊದಲು ನಿಮ್ಮ ಅತ್ತೆಯವರ ಕಣ್ಣೀರಿಗೆ ಉತ್ತರ ಹೇಳುತ್ತೇನೆ. ಅದು ಸಮಾಧಾನವಾಗದೆ ಆ ಮನೆಯ ಅಡುಗೆಯಲ್ಲಿ ಉಪ್ಪು ಕಡಿಮೆಯಾಗುವುದಿಲ್ಲ.

ಉಪ್ಪಿಲ್ಲದ ಊಟ ಯಾರದು?

ಅತ್ತೆಯವರು ಹೇಳಿದ್ದು ಸುಳ್ಳಲ್ಲ. ಸೂತಕದಲ್ಲಿ ಉಪ್ಪು ಬಿಟ್ಟು ಉಣ್ಣುವ ಪದ್ಧತಿ ಇದೆ. ಅವರು ಅದನ್ನು ಕಣ್ಣಾರೆ ಕಂಡಿದ್ದಾರೆ, ಆದ್ದರಿಂದಲೇ ಹೆದರಿದ್ದಾರೆ. ಆದರೆ ಅದು ಅರ್ಧ ಮಾತು. ಉಳಿದರ್ಧ ಅವರಿಗೆ ಯಾರೂ ಹೇಳಿಲ್ಲ.

ಗೃಹ್ಯಸೂತ್ರಗಳನ್ನು ನೋಡಿ. ಹೊಸದಾಗಿ ಮದುವೆಯಾದ ವಧೂವರರು ಮೂರು ರಾತ್ರಿ ಕ್ಷಾರ, ಲವಣ ಬಿಟ್ಟ ಆಹಾರ ತೆಗೆದುಕೊಳ್ಳಬೇಕು ಎಂದಿದೆ. ಉಪನಯನವಾದ ವಟುವಿಗೂ ಅದೇ ನಿಯಮ. ಹಸೆಮಣೆಯಿಂದ ಎದ್ದ ಮದುಮಕ್ಕಳ ಊಟ ಅಶುಭವಾಗುತ್ತದೆಯೇ? ಇಲ್ಲವಲ್ಲ. ಅಂದಮೇಲೆ ಉಪ್ಪು ಬಿಡುವುದು ಸಾವಿನ ಗುರುತಲ್ಲ, ವ್ರತದ ಗುರುತು. ಬದುಕಿನ ದೊಡ್ಡ ತಿರುವುಗಳಲ್ಲಿ ನಾಲಿಗೆಯನ್ನು ಸ್ವಲ್ಪ ಹಿಡಿತದಲ್ಲಿಡು ಅಂತ ಹಿರಿಯರು ಹೇಳಿದ್ದು. ಸೂತಕ ಅದರಲ್ಲಿ ಒಂದು, ಅಷ್ಟೆ. ಭಾನುವಾರ ಉಪ್ಪು ಬಿಟ್ಟು ಸೂರ್ಯನ ವ್ರತ ಮಾಡುವವರು ಇವತ್ತಿಗೂ ಇದ್ದಾರೆ. ಅವರೆಲ್ಲ ಸೂತಕದವರಲ್ಲ.

ದೇವರಿಗೆ ಉಪ್ಪು ಬೇಕೇ?

ಹೋಮಕ್ಕೆ ಹಾಕುವ ಹವಿಸ್ಸಿನಲ್ಲಿ ಉಪ್ಪು ಇರುವುದಿಲ್ಲ. ಚರು ಬೇಯಿಸುವಾಗ ನಿಮ್ಮ ಪುರೋಹಿತರು ಉಪ್ಪು ಕೇಳಿದ್ದುಂಟೇ? ಗಣಪತಿಗೆ ಇಡುವ ಪಂಚಕಜ್ಜಾಯ, ಕಾಯಿಕಡುಬು, ಹಣ್ಣುಕಾಯಿ, ಸತ್ಯನಾರಾಯಣನಿಗೆ ಇಡುವ ಸಪಾದಭಕ್ಷ್ಯ, ದೇವಿಗೆ ಇಡುವ ಹಾಲು-ಪಾಯಸ, ಇವೆಲ್ಲ ಉಪ್ಪು ಇಲ್ಲದೆಯೇ ನಡೆದುಬಂದಿವೆ.

ಇದಕ್ಕಿಂತ ದೊಡ್ಡ ಸಾಕ್ಷಿ ತಮಿಳುನಾಡಿನ ಕುಂಭಕೋಣದ ಹತ್ತಿರ ಇದೆ. ತಿರುನಾಗೇಶ್ವರದ ಉಪ್ಪಿಲಿಯಪ್ಪನ್ ದೇವಸ್ಥಾನ, 108 ದಿವ್ಯದೇಶಗಳಲ್ಲಿ ಒಂದು. ಅಲ್ಲಿ ಸ್ವಾಮಿಗೆ ಅರ್ಪಿಸುವ ನೈವೇದ್ಯಕ್ಕೆ ಉಪ್ಪು ಹಾಕುವುದೇ ಇಲ್ಲ. ಸ್ಥಳಪುರಾಣ ಹೀಗೆ: ಭೂದೇವಿ ಮಾರ್ಕಂಡೇಯ ಋಷಿಗಳ ಮಗಳಾಗಿ ಬೆಳೆದಳು. ಭಗವಂತ ಮುದುಕನ ವೇಷದಲ್ಲಿ ಬಂದು ಹೆಣ್ಣು ಕೇಳಿದ. "ಮಗು ಇನ್ನೂ ಚಿಕ್ಕದು, ಅಡುಗೆಗೆ ಉಪ್ಪು ಹಾಕೋದಕ್ಕೂ ಬರಲ್ಲ" ಅಂದರು ತಂದೆ. "ಉಪ್ಪಿಲ್ಲದಿದ್ದರೂ ಉಣ್ಣುತ್ತೇನೆ" ಅಂದ ಭಗವಂತ. ಕೊಟ್ಟ ಮಾತನ್ನು ಇವತ್ತಿಗೂ ನಡೆಸುತ್ತಿದ್ದಾನೆ. ಹೆಂಡತಿಗಾಗಿ ಉಪ್ಪು ಬಿಟ್ಟ ದೇವರು, ಗಂಡನಿಗಾಗಿ ಉಪ್ಪು ಕಡಿಮೆ ಮಾಡುವ ಮುತ್ತೈದೆಯ ಮೇಲೆ ಮುನಿಯುತ್ತಾನೆಯೇ? ಈ ಕಥೆಯನ್ನು ಅತ್ತೆಯವರಿಗೆ ನೀವೇ ಓದಿ ಹೇಳಿ.

ಹಾಗಂತ ಉಪ್ಪೇನೂ ಕೀಳಲ್ಲ. ದಶದಾನಗಳಲ್ಲಿ ಲವಣವೂ ಒಂದು. "ಉಪ್ಪಿಗಿಂತ ರುಚಿಯಿಲ್ಲ" ಅನ್ನುವ ಗಾದೆಯೂ ನಮ್ಮದೇ. ಗೌರವದ ವಸ್ತುವಾದ್ದರಿಂದಲೇ ಅದಕ್ಕೆ ಅಳತೆ ಬೇಕು.

ಸೈಂಧವ ಲವಣದ ಮಾತು

ಇದು ಬಹಳ ಮನೆಗಳಲ್ಲಿರುವ ತಪ್ಪು ತಿಳಿವಳಿಕೆ. ಉಪವಾಸದ ದಿನ ಸಮುದ್ರದ ಉಪ್ಪಿನ ಬದಲು ಸೈಂಧವ ಬಳಸುವುದು ಮಡಿಯ ದೃಷ್ಟಿಯಿಂದ. ರಕ್ತದೊತ್ತಡಕ್ಕೂ ಅದಕ್ಕೂ ಸಂಬಂಧವಿಲ್ಲ. ಸೈಂಧವವೂ ಬಹುಪಾಲು ಸೋಡಿಯಂ ಕ್ಲೋರೈಡೇ. ಶರಬತ್ತಿಗೆ, ಚಾಟ್‌ಗೆ ಉದುರಿಸುವ ಕಪ್ಪುಪ್ಪಿನ ಕಥೆಯೂ ಅಷ್ಟೆ. ಬಣ್ಣ ಬೇರೆ, ಹೃದಯದ ಮೇಲೆ ಬೀಳುವ ಭಾರ ಒಂದೇ. ಜೊತೆಗೆ, ಸೈಂಧವದಲ್ಲಿ ಸಾಮಾನ್ಯವಾಗಿ ಅಯೋಡಿನ್ ಸೇರಿಸಿರುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ವರ್ಷಪೂರ್ತಿ ಅದನ್ನೇ ಬಳಸುವುದು ಒಳ್ಳೆಯದಲ್ಲ.

ಇನ್ನೊಂದು ಎಚ್ಚರಿಕೆ. ಅಂಗಡಿಯಲ್ಲಿ "ಲೋ ಸೋಡಿಯಂ" ಅಂತ ಬರುವ ಉಪ್ಪಿನಲ್ಲಿ ಸೋಡಿಯಂ ಬದಲು ಒಂದಷ್ಟು ಪೊಟ್ಯಾಸಿಯಂ ಸೇರಿಸಿರುತ್ತಾರೆ. ಕಿಡ್ನಿ ತೊಂದರೆ ಇರುವವರಿಗೆ, ಹೃದಯಕ್ಕೆ ಮತ್ತು ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರಿಗೆ ಅದು ಅಪಾಯವಾಗಬಹುದು. ನಿಮ್ಮ ಮಾವನವರ ವಿಷಯದಲ್ಲಿ ಡಾಕ್ಟರನ್ನು ಕೇಳದೆ ಅದನ್ನು ತರಲೇಬೇಡಿ.

ಉಪವಾಸ ಮಾಡಿದರೆ ಸರಿದೂಗುತ್ತದೆಯೇ?

"ಉಪ್ಪು ತಿಂದವನು ನೀರು ಕುಡಿಯಲೇಬೇಕು" ಅನ್ನುತ್ತೇವೆ. ಮೈಯೊಳಗೆ ನಡೆಯುವುದೂ ಅದೇ. ತಿಂದ ಉಪ್ಪು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ರಕ್ತದ ಪ್ರಮಾಣ ಹೆಚ್ಚುತ್ತದೆ, ದುರ್ಬಲ ಹೃದಯಕ್ಕೆ ಅಷ್ಟನ್ನು ತಳ್ಳಲಾಗುವುದಿಲ್ಲ. ಆ ನೀರು ಕಾಲಿಗೆ ಇಳಿಯುತ್ತದೆ, ಶ್ವಾಸಕೋಶಕ್ಕೂ ಸೇರುತ್ತದೆ. ನಿಮ್ಮ ಮಾವನವರಿಗೆ ಐದನೇ ದಿನ ಆಗಿದ್ದು ಇದೇ ಇರಬೇಕು.

ಇದಕ್ಕೆ ಪ್ರಾಯಶ್ಚಿತ್ತ ಅಂತ ನಿರ್ಜಲ ಏಕಾದಶಿ ಮಾಡಿದರೆ ಏನಾಗುತ್ತದೆ? ಅವರು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದು ನೀರನ್ನು ಹೊರಗೆ ಹಾಕುತ್ತಿರುತ್ತದೆ, ಮೇಲಿಂದ ಕುಡಿಯುವ ನೀರೂ ಇಲ್ಲ. ತಲೆಸುತ್ತಿ ಬೀಳಬಹುದು, ಕಿಡ್ನಿಗೆ ಪೆಟ್ಟಾಗಬಹುದು. ಶಾಸ್ತ್ರ ಅದನ್ನು ಕೇಳಿಯೂ ಇಲ್ಲ. ನೀರು, ಗೆಡ್ಡೆ, ಹಣ್ಣು, ಹಾಲು, ಔಷಧ, ಗುರುವಿನ ಮಾತು, ಇವುಗಳಿಂದ ವ್ರತಭಂಗವಾಗುವುದಿಲ್ಲ ಎಂದು ಹಿರಿಯರು ಸ್ಪಷ್ಟವಾಗಿ ಹೇಳಿಟ್ಟಿದ್ದಾರೆ. ಮಾತ್ರೆ ನುಂಗಲು ಕುಡಿದ ನೀರಿಗೆ ಏಕಾದಶಿ ಕೆಡುವುದಿಲ್ಲ. ಡಾಕ್ಟರು ಒಪ್ಪಿದಷ್ಟು ಮಾತ್ರ ಉಪವಾಸ, ಉಳಿದದ್ದು ನಾಮಸ್ಮರಣೆ.

ಇನ್ನು ನಮ್ಮಂಥವರ ಒಪ್ಪತ್ತಿನ ವಿಷಯ. ಅನ್ನ ಬಿಟ್ಟು ಎರಡು ತಟ್ಟೆ ಉಪ್ಪಿಟ್ಟು, ಜೊತೆಗೆ ಉಪ್ಪಿನಕಾಯಿ! ಅದರಿಂದ ಉಪ್ಪು ಹೆಚ್ಚೇ ಹೊರತು ಕಡಿಮೆಯಾಗುವುದಿಲ್ಲ.

ಹಬ್ಬದಲ್ಲಿ ಹೆಚ್ಚಾದರೆ ಮಾರನೇ ದಿನ ಮಾಡಬೇಕಾದ್ದು ಇಷ್ಟೇ: ಎಂದಿನ ಅಳತೆಗೆ ವಾಪಸ್ಸು ಬನ್ನಿ. ಉಳಿದ ಚಕ್ಕುಲಿ ಡಬ್ಬಿಯನ್ನು ಅಕ್ಕಪಕ್ಕದ ಮಕ್ಕಳಿಗೆ ಹಂಚಿಬಿಡಿ. ಮಾತ್ರೆ ತಪ್ಪಿಸಬೇಡಿ, ನೀವೇ ಹೆಚ್ಚಿಸಲೂ ಬೇಡಿ. ಹೊಟ್ಟೆ ಉಬ್ಬರ ಅಂತ ನೀರಿಗೆ ಹಾಕಿದರೆ ಬುರುಬುರು ಅನ್ನುವ ಪುಡಿ ಕುಡಿಸಬೇಡಿ, ಅದರಲ್ಲಿ ಸೋಡಿಯಂ ತುಂಬಿರುತ್ತದೆ. ಬೆಳಿಗ್ಗೆ ಎದ್ದಕೂಡಲೇ ತೂಕ ನೋಡಿ ಬರೆದಿಡಿ. ಎರಡು ಮೂರು ದಿನದಲ್ಲಿ 2 ಕಿಲೋ ಏರಿದರೆ, ಕಾಲು ಊದಿದರೆ, ಮಲಗಲು ಹೆಚ್ಚು ದಿಂಬು ಬೇಕಾದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಉಸಿರು ಕಟ್ಟಿದರೆ, ಎದೆನೋವು ಬಂದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಭಯಪಟ್ಟು ಉಪ್ಪನ್ನು ಪೂರ್ತಿ ನಿಲ್ಲಿಸುವುದೂ ತಪ್ಪು. ಮಾತ್ರೆ ತೆಗೆದುಕೊಳ್ಳುವ ವಯಸ್ಸಾದವರಲ್ಲಿ ಸೋಡಿಯಂ ತೀರಾ ಇಳಿದರೆ ಮಂಕು, ಗೊಂದಲ ಕವಿಯುತ್ತದೆ.

ಅಡುಗೆಮನೆಯಲ್ಲಿ ಅಳತೆ

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಮಟ್ಟಸವಾಗಿ ಒಂದು ಟೀ ಚಮಚದೊಳಗೆ. ಅಡುಗೆಗೆ ಹಾಕಿದ್ದು, ಉಪ್ಪಿನಕಾಯಿ, ಬಿಸ್ಕತ್ತು, ಬ್ರೆಡ್ಡು ಎಲ್ಲ ಸೇರಿ ಇಷ್ಟು. ಮಾವನವರಿಗೆ ಎಷ್ಟು ಎಂಬುದನ್ನು ಅವರ ಡಾಕ್ಟರಿಂದಲೇ ಕೇಳಿ ಬರೆದುಕೊಳ್ಳಿ. ಅವರ ಪಾಲನ್ನು ಬೆಳಿಗ್ಗೆಯೇ ಕುಂಕುಮದ ಭರಣಿಯಷ್ಟು ಪುಟ್ಟ ಡಬ್ಬಿಗೆ ಹಾಕಿಡಿ. ಅದು ಮುಗಿದರೆ ಅವತ್ತಿನದು ಮುಗಿಯಿತು.

ನೈವೇದ್ಯಕ್ಕೆ ಮೊದಲು ನಾವು ರುಚಿ ನೋಡುವ ಹಾಗಿಲ್ಲ. ಅದಕ್ಕೇ ನಮ್ಮ ಅಜ್ಜಿಯರು ಕೈ ಅಳತೆ ಕಲಿತಿದ್ದರು. ಈಗ ಆ ಅಳತೆಯನ್ನೇ ಕೆಳಗಿಳಿಸಿ. ಹುಳಿ, ಸಾರು, ಪಲ್ಯವನ್ನು ಅತಿ ಕಡಿಮೆ ಉಪ್ಪಿನಲ್ಲಿ ಮಾಡಿ ದೇವರಿಗೆ ಅರ್ಪಿಸಿ. ನೈವೇದ್ಯವಾದ ಮೇಲೆ ಮಾವನವರ ಪಾಲನ್ನು ತೆಗೆದಿಟ್ಟು, ಉಳಿದದ್ದಕ್ಕೆ ಬೇಕಾದಷ್ಟು ಉಪ್ಪು ಸೇರಿಸಿ ಒಂದು ಕುದಿ ಕುದಿಸಿ. ಪ್ರಸಾದಕ್ಕೆ ಅದರಿಂದ ಕುಂದಿಲ್ಲ. ಎಲೆಯ ತುದಿಗೆ ಉಪ್ಪು ಬಡಿಸುವ ಪದ್ಧತಿ ಹೇಗೂ ನಮ್ಮಲ್ಲಿದೆ, ಬೇಕಾದವರು ಬೆರೆಸಿಕೊಳ್ಳಲಿ. ಬರೀ ಉಪ್ಪು ಬಡಿಸಬಾರದು ಎನ್ನುವ ಮನೆಯಾದರೆ ಸ್ವಲ್ಪ ನೀರಿನಲ್ಲಿ ಕರಗಿಸಿ ಬಟ್ಟಲಲ್ಲಿಡಿ.

ಉಪ್ಪಿನ ಜಾಗಕ್ಕೆ ನಿಂಬೆರಸ, ಮೆಣಸು, ಜೀರಿಗೆ, ಶುಂಠಿ, ಕರಿಬೇವು, ಹಸಿಕಾಯಿತುರಿ ಬರಲಿ. ಕೋಸಂಬರಿಗೆ, ಮಜ್ಜಿಗೆಗೆ, ಗೊಂಬೆ ಹಬ್ಬದ ಉಸಲಿಗೆ ಇವಿದ್ದರೆ ಉಪ್ಪಿನ ಕೊರತೆ ಅಷ್ಟು ಕಾಣುವುದಿಲ್ಲ. ಕೆಲವು ವಾರದಲ್ಲಿ ನಾಲಿಗೆಯೂ ಒಗ್ಗಿಕೊಳ್ಳುತ್ತದೆ. ಕಣ್ಣಿಡಬೇಕಾದ್ದು ಹಪ್ಪಳ, ಸಂಡಿಗೆ, ಬಾಳಕ, ಉಪ್ಪಿನಕಾಯಿ, ಅಂಗಡಿಯ ಪುಳಿಯೋಗರೆ ಗೊಜ್ಜು, ಅಡುಗೆ ಸೋಡ ಇವುಗಳ ಮೇಲೆ. ಪ್ಯಾಕೆಟ್ಟಿನ ಮೇಲೆ ಸೋಡಿಯಂ 400 ಮಿಲಿಗ್ರಾಂ ಅಂತ ಇದ್ದರೆ ಅದು ಸುಮಾರು 1 ಗ್ರಾಂ ಉಪ್ಪಿಗೆ ಸಮ ಅಂತ ಲೆಕ್ಕ ಹಾಕಿ.

ಪ್ರಸಾದ ಬೇಡ ಅನ್ನಬಹುದೇ?

ಬೇಡ ಅನ್ನಬೇಕಾಗಿಲ್ಲ, ಹೊಟ್ಟೆ ತುಂಬ ತಿನ್ನಬೇಕಾಗಿಯೂ ಇಲ್ಲ. ಪ್ರಸಾದಕ್ಕೆ ಪ್ರಮಾಣವಿಲ್ಲ. ಕಣ್ಣಿಗೊತ್ತಿಕೊಂಡು ಒಂದು ಅಗುಳು ಬಾಯಿಗೆ ಹಾಕಿಕೊಂಡರೂ ಸ್ವೀಕರಿಸಿದಂತೆಯೇ. ದೇವಸ್ಥಾನದಲ್ಲಿ ದೊನ್ನೆ ತುಂಬ ಪುಳಿಯೋಗರೆ ಕೊಟ್ಟರೆ ಮೊದಲೇ ಅರ್ಧವನ್ನು ಪಕ್ಕದವರಿಗೆ ಕೊಡಿ. ಎಸೆಯಬಾರದು, ಅಷ್ಟೆ. ತೊಂದರೆ ಬರುವುದು ಪ್ರಸಾದದಿಂದಲ್ಲ, "ಇನ್ನೊಂದು ಹಾಕಿಸಿಕೊಳ್ಳಿ, ಹಬ್ಬದ ದಿನ ಬೇಡ ಅನ್ನಬಾರದು" ಎಂಬ ನಮ್ಮ ಉಪಚಾರದಿಂದ. ಓದುಗರೆಲ್ಲರಿಗೂ ಈ ಮಾತು: ಬಂದವರು ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಬಲವಂತ ಮಾಡಬೇಡಿ. ಕಾಯಿಲೆ ಇರುವುದನ್ನು ಎಲ್ಲರೂ ಪಂಕ್ತಿಯಲ್ಲಿ ಹೇಳಿಕೊಳ್ಳುವುದಿಲ್ಲ.

ಕೊನೆಗೆ, ಅತ್ತೆಯವರಿಗೆ ನನ್ನದೊಂದು ಬಿನ್ನಹ. ತಾಯಿ, ಪಾಡ್ಯದ ದಿನ ಘಟಸ್ಥಾಪನೆಯ ಹೊತ್ತಿಗೆ ನೀವೇ ಸಂಕಲ್ಪ ಮಾಡಿ: "ಒಂಬತ್ತು ದಿನ ಈ ಮನೆಯಲ್ಲಿ ಮಿತ ಲವಣದ ವ್ರತ." ನಿಮ್ಮ ಯಜಮಾನರು ಒಬ್ಬರೇ ಸಪ್ಪೆ ಉಣ್ಣುತ್ತಾ ಕೂರುವುದು ಬೇಡ, ಮನೆಮಂದಿಯೆಲ್ಲ ಜೊತೆಗಿರಿ. ನೀವು ಅದನ್ನು ಸೂತಕದ ಊಟ ಅಂದಿರಿ. ಅದು ನಿಮ್ಮ ಅರಿಶಿನ-ಕುಂಕುಮ ಕಾಯುವ ಊಟ. ದೇವಿಯ ಮುಂದೆ ಧೈರ್ಯವಾಗಿ ಇಡಿ. ನವರಾತ್ರಿ ನಿಮ್ಮ ಮನೆಗೆ ಶುಭ ತರಲಿ.