ಆನ್‌ಲೈನ್ ಸಭೆ: ಬೀಗದ ಕೈ ಯಾರ ಬಳಿ ಇದೆ?



2020ರಲ್ಲಿ ಕೊರೊನಾದಿಂದ ಸಂಘದ ಸಭೆಗಳು ನಿಂತಾಗ ನಮ್ಮಲ್ಲಿ ಅನೇಕರು ಮೊದಲ ಸಲ ಮೊಬೈಲಿನಲ್ಲಿ ಮುಖ ನೋಡಿಕೊಂಡು ಸಭೆ ಮಾಡಿದೆವು. ಈಗ ವಾರದ ಸಭೆ ಮತ್ತೆ ಜಗಲಿಯ ಮೇಲೇ ನಡೆಯುತ್ತಿದೆ. ಆದರೂ ಒಕ್ಕೂಟದ ಸಭೆ, ತರಬೇತಿ, ಬ್ಯಾಂಕಿನ ಮಾಹಿತಿ ಕಾರ್ಯಕ್ರಮ ಇವೆಲ್ಲ ಆಗಾಗ ಆನ್‌ಲೈನಿನಲ್ಲಿ ಆಗುತ್ತವೆ. ಬಸ್ ಚಾರ್ಜ್ ಉಳಿಯುತ್ತದೆ, ಕೂಲಿ ತಪ್ಪುವುದಿಲ್ಲ. ಒಳ್ಳೆಯದೇ. ಆದರೆ ಯಾರೋ ಲಿಂಕ್ ಕಳಿಸ್ತಾರೆ, ನಾವು ಒತ್ತುತ್ತೇವೆ, ಅಷ್ಟೇ. ಉಳಿತಾಯದ ಪೆಟ್ಟಿಗೆಯ ಬೀಗದ ಕೈ ಯಾರ ಬಳಿ ಇರಬೇಕೆಂದು ನಿರ್ಣಯ ಮಾಡುವ ನಾವು, ನಮ್ಮ ಮಾತಿನ ಬೀಗದ ಕೈ ಯಾರ ಬಳಿ ಇದೆ ಅಂತಲೂ ಕೇಳಬೇಡವೇ?

ಎರಡು ಬಗೆ

ಅಂಗಡಿಯಲ್ಲಿ ಸಾಂಬಾರ್ ಪುಡಿಯ ಪಾಕೀಟು ತರುತ್ತೇವೆ. ರುಚಿ ಚೆನ್ನಾಗಿರುತ್ತದೆ, ಕೆಲಸ ಸುಲಭ. ಆದರೆ ಯಾವುದನ್ನು ಎಷ್ಟು ಹುರಿದು ಹಾಕಿದ್ದಾರೆ ಎಂಬ ಗುಟ್ಟು ಕಂಪನಿಯದು. ಜೂಮ್, ಗೂಗಲ್ ಮೀಟ್, ವಾಟ್ಸ್ಆ್ಯಪ್ ಈ ಬಗೆಯವು. ಇವಕ್ಕೆ ಒಡೆತನದ ತಂತ್ರಾಂಶ ಎನ್ನುತ್ತಾರೆ.

ಇನ್ನೊಂದು, ನೆರೆಮನೆಯವರು ಅಳತೆ ಸಮೇತ ಹೇಳಿಕೊಟ್ಟ ಪುಡಿ. ಯಾರು ಬೇಕಾದರೂ ಮಾಡಬಹುದು, ಖಾರ ಹೆಚ್ಚು ಕಡಿಮೆ ಮಾಡಬಹುದು, ಬೇರೆಯವರಿಗೂ ಹೇಳಿಕೊಡಬಹುದು. ಇದು ಮುಕ್ತ ತಂತ್ರಾಂಶ. ಜಿಟ್ಸಿ ಎಂಬುದು ಹೀಗೆ ಹುಟ್ಟಿತು. 2003ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಎಮಿಲ್ ಇವೊವ್ ಎಂಬ ವಿದ್ಯಾರ್ಥಿ ಆರಂಭಿಸಿದ ಕೆಲಸ ಅದು. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ 2007ರಲ್ಲಿ ಶುರುವಾದ ಬಿಗ್‌ಬ್ಲೂಬಟನ್ ಕೂಡ ಮುಕ್ತ ತಂತ್ರಾಂಶವೇ. ಅದನ್ನು ಪಾಠ ಹೇಳುವುದಕ್ಕೆಂದೇ ಮಾಡಿದ್ದಾರೆ.

ನಾವು ತಿಳಿಯಬೇಕಾದ ಎರಡು ಸಂಗತಿ

ಒಂದು: 2020ರ ಏಪ್ರಿಲ್‌ನಲ್ಲಿ ಕೇಂದ್ರ ಗೃಹ ಸಚಿವಾಲಯವು ಜೂಮ್ ಸುರಕ್ಷಿತವಲ್ಲ, ಸರ್ಕಾರಿ ಅಧಿಕಾರಿಗಳು ಕಚೇರಿ ಕೆಲಸಕ್ಕೆ ಬಳಸಬಾರದು ಎಂದು ಎಚ್ಚರಿಸಿತು. ಮಾತನಾಡುವವರ ಹೊರತು ಬೇರಾರಿಗೂ ಕೇಳಿಸದಂತೆ ಬೀಗ ಹಾಕಿದ್ದೇವೆ ಎಂದು ಕಂಪನಿ ಹೇಳುತ್ತಿತ್ತು. ಆದರೆ ಬೀಗದ ಕೈ ಅದರ ಬಳಿಯೇ ಇತ್ತು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. ಅದೇ ವರ್ಷ ನವೆಂಬರ್‌ನಲ್ಲಿ ಕಂಪನಿ ರಾಜಿ ಮಾಡಿಕೊಂಡಿತು. ಅಷ್ಟರಲ್ಲಿ ಆ ಬಗೆಯ ಪೂರ್ಣ ಬೀಗವನ್ನೂ ಜೂಮ್ ಸೇರಿಸಿತ್ತು. ಆದರೆ ಅದು ತಾನಾಗಿ ಬೀಳುವುದಿಲ್ಲ, ಸಭೆ ಕರೆಯುವವರು ಆರಿಸಿಕೊಳ್ಳಬೇಕು.

ಎರಡು: ವಿದೇಶದಲ್ಲಿರುವ ಮಕ್ಕಳೊಡನೆ ಎಷ್ಟೋ ತಾಯಂದಿರು ಸ್ಕೈಪ್‌ನಲ್ಲಿ ಮಾತಾಡಿದ್ದುಂಟು. 2003ರಲ್ಲಿ ಬಂದ ಅದನ್ನು 2011ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಿತು, 2025ರ ಮೇ 5ರಂದು ಮುಚ್ಚಿತು. ಒಡೆಯರು ಬಾಗಿಲು ಹಾಕಿದರೆ ಬಳಸುವವರು ಎದ್ದು ಹೋಗಬೇಕು. ಮುಕ್ತ ತಂತ್ರಾಂಶದಲ್ಲಿ ಒಬ್ಬರು ಬಿಟ್ಟರೂ, ಕಲಿತ ಇನ್ನೊಬ್ಬರು ಅದನ್ನು ಮುಂದುವರಿಸಲು ಅವಕಾಶ ಇರುತ್ತದೆ.

ಹಾಗಾದರೆ ಮುಕ್ತವಾದದ್ದೇ ಸಾಕೇ?

ಅಷ್ಟು ಸುಲಭವಿಲ್ಲ. ಅಳತೆ ಗೊತ್ತು ಅಂದಮಾತ್ರಕ್ಕೆ ಅಡುಗೆಮನೆಯೂ ನಮ್ಮದು ಅಂತ ಆಗುವುದಿಲ್ಲ. ಸಭೆಯ ಮಾತು ಸರ್ವರ್ ಎಂಬ ದೊಡ್ಡ ಕಂಪ್ಯೂಟರಿನ ಮೂಲಕ ಹಾದು ಹೋಗುತ್ತದೆ. ಜಿಟ್ಸಿಯ ಉಚಿತ ಸರ್ವರ್ ಕೂಡ ಒಂದು ಕಂಪನಿಯದೇ. 2023ರ ಆಗಸ್ಟ್‌ನಿಂದ ಅಲ್ಲಿ ಸಭೆ ತೆರೆಯುವವರು ಗೂಗಲ್, ಫೇಸ್‌ಬುಕ್ ಇಂಥ ಒಂದು ಖಾತೆಯಿಂದ ಒಳಬರಬೇಕು. ಉಳಿದವರಿಗೆ ಖಾತೆ ಬೇಡ. ನಮ್ಮದೇ ಸರ್ವರ್ ಇಟ್ಟುಕೊಂಡರೆ ಬೀಗದ ಕೈ ನಮ್ಮದೇ. ಆದರೆ ಅದಕ್ಕೆ ತಿಂಗಳ ಬಾಡಿಗೆ ಬೇಕು, ನೋಡಿಕೊಳ್ಳಲು ತಿಳಿದವರು ಬೇಕು. ಒಂದು ಸಂಘಕ್ಕೆ ಇದು ಆಗದ ಮಾತು. ಹಲವು ಒಕ್ಕೂಟಗಳು ಸೇರಿ ಯೋಚಿಸಬಹುದು.

ಒಡೆತನದ್ದೆಲ್ಲ ಕೆಟ್ಟದ್ದು ಅಂತಲೂ ಅಲ್ಲ. ವಾಟ್ಸ್ಆ್ಯಪ್ ಕರೆಯ ಮಾತು ಕಂಪನಿಗೂ ಕೇಳಿಸದ ಹಾಗೆ ಬೀಗ ಇದೆ, ಒಂದು ಕರೆಯಲ್ಲಿ 32 ಜನ ಸೇರಬಹುದು. ಆದರೆ ಯಾರು ಯಾರಿಗೆ, ಯಾವಾಗ ಕರೆ ಮಾಡಿದರು ಎಂಬಂಥ ಮಾಹಿತಿಗೆ ಆ ಬೀಗ ಇಲ್ಲ. ಸಿಗ್ನಲ್ ಎಂಬ ಆ್ಯಪ್‌ನಲ್ಲೂ ಇಂಥದೇ ಬೀಗ ಇದೆ. ಅದು ಮುಕ್ತ ತಂತ್ರಾಂಶ, ಲಾಭಕ್ಕಲ್ಲದ ಸಂಸ್ಥೆಯದು. ಸಮಯವನ್ನೂ ನೋಡಬೇಕು. ಹಣ ಕೊಡದೆ ಬಳಸಿದರೆ ಜೂಮ್ 40 ನಿಮಿಷಕ್ಕೆ, ಮೂರು ಅಥವಾ ಹೆಚ್ಚು ಜನರಿದ್ದರೆ ಗೂಗಲ್ ಮೀಟ್ 60 ನಿಮಿಷಕ್ಕೆ ಸಭೆ ಮುಗಿಸಿಬಿಡುತ್ತದೆ.

ಯಾವ ಸಭೆಗೆ ಯಾವುದು?

* ತರಬೇತಿ, ಯೋಜನೆಗಳ ಮಾಹಿತಿ: ಎಲ್ಲರಿಗೂ ತಿಳಿಯಬೇಕಾದ ವಿಷಯ. ಸದಸ್ಯರಿಗೆ ಯಾವುದು ಸುಲಭವೋ ಅದೇ ಸಾಕು.
* ಒಕ್ಕೂಟದ ಪ್ರತಿನಿಧಿಗಳ ಸಭೆ: ಜಿಟ್ಸಿಯನ್ನು ಒಮ್ಮೆ ಪರೀಕ್ಷಿಸಿ ನೋಡಿ. ಸಭೆಗೆ ಪಾಸ್‌ವರ್ಡ್ ಇಡಿ, ಲಿಂಕನ್ನು ಸಿಕ್ಕಸಿಕ್ಕ ಗುಂಪಿಗೆ ಹಾಕಬೇಡಿ. ಸಿಗ್ನಲ್ ಸರಿಯಿಲ್ಲದ ಊರಿನವರು ಕ್ಯಾಮೆರಾ ಆಫ್ ಮಾಡಿ ಮಾತು ಮಾತ್ರ ಇಟ್ಟುಕೊಂಡರೆ ಡೇಟಾ ಉಳಿಯುತ್ತದೆ.
* ಒಬ್ಬ ಸಹೋದರಿಯ ಮನೆಯ ಕಷ್ಟ, ಹೊಡೆತ, ಸಾಲದ ಅವಮಾನ: ಇದನ್ನು ದೊಡ್ಡ ಆನ್‌ಲೈನ್ ಸಭೆಯಲ್ಲಿ ಎತ್ತಲೇಬಾರದು. ಎದುರಿಗೆ ಕೂತು ಕೇಳುವುದೇ ಸರಿ. ಆಗದಿದ್ದರೆ ಸಿಗ್ನಲ್ ಅಥವಾ ವಾಟ್ಸ್ಆ್ಯಪ್‌ನಲ್ಲಿ ಇಬ್ಬರೇ ಮಾತಾಡಿ. ರೆಕಾರ್ಡಿಂಗ್ ಬೇಡವೇ ಬೇಡ. ಎಷ್ಟು ಭದ್ರವಾದ ಆ್ಯಪ್ ಆದರೂ, ಪಕ್ಕದ ಕೋಣೆಯಲ್ಲಿ ಕೂತು ಕೇಳುವವರನ್ನು ತಡೆಯಲಾರದು.

ಯಾವ ಆ್ಯಪ್ ಆದರೂ ಪಾಸ್‌ಬುಕ್, ಆಧಾರ್, ಓಟಿಪಿ ತೋರಿಸಬೇಡಿ. ಅಪರಿಚಿತರು ಹೇಳಿದರೆಂದು ನಿಮ್ಮ ಫೋನಿನ ಪರದೆ ಹಂಚಿಕೊಳ್ಳಬೇಡಿ. ಪೊಲೀಸರ ವೇಷದಲ್ಲಿ ವಿಡಿಯೋ ಕರೆ ಮಾಡಿ 'ಡಿಜಿಟಲ್ ಅರೆಸ್ಟ್' ಅಂತ ಹೆದರಿಸಿದರೆ ಕರೆ ಕಡಿಯಿರಿ. ಅಂಥ ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಸಂಘದಲ್ಲಿ ಚರ್ಚಿಸಿ

1. ನಾವು ಈಗ ಬಳಸುವ ಆ್ಯಪ್ ಯಾರದು? ಅದನ್ನು ಆರಿಸಿದವರು ಯಾರು?
2. ಅದು ನಾಳೆ ಮುಚ್ಚಿದರೆ ನಮ್ಮ ಬಳಿ ಬೇರೆ ದಾರಿ ಇದೆಯೇ?
3. ಯಾವ ಮಾತನ್ನು ಆನ್‌ಲೈನಿನಲ್ಲಿ ಆಡಬಾರದು?
4. ಸ್ಮಾರ್ಟ್‌ಫೋನ್ ಇಲ್ಲದ ಸದಸ್ಯರು ಹೇಗೆ ಭಾಗವಹಿಸುತ್ತಾರೆ?

ಚರ್ಚಿಸಿದ್ದನ್ನು ನಿರ್ಣಯ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಮಾಡಿ. ಸಾಲ ಯಾರಿಗೆ ಕೊಡಬೇಕೆಂದು ಕೂತು ತೀರ್ಮಾನಿಸುವ ಸಂಘಕ್ಕೆ ಇದು ದೊಡ್ಡ ಕೆಲಸವೇನಲ್ಲ.