‘ಅದು ನನ್ನ ಅಭಿಪ್ರಾಯ’ ಎಂದರೆ ಮುಗಿಯಿತೇ?



ಕಳೆದ ತಿಂಗಳ ಯುವಜನ ಕೂಟದಲ್ಲಿ ಚರ್ಚೆಯೊಂದು ಕಾವೇರಿತು. ವಾದದಲ್ಲಿ ಹಿಂದೆ ಬಿದ್ದ ಒಬ್ಬ ತಮ್ಮ ಕೊನೆಗೆ, “ಅದು ನನ್ನ ಅಭಿಪ್ರಾಯ. ಅಭಿಪ್ರಾಯದಲ್ಲಿ ಸರಿ ತಪ್ಪು ಎಲ್ಲಿಂದ ಬಂತು?” ಎಂದ. ಎಲ್ಲರೂ ಸುಮ್ಮನಾದರು. ನನಗೂ ತಕ್ಷಣ ಉತ್ತರ ಹೊಳೆಯಲಿಲ್ಲ. ಈ ತಿಂಗಳ ಪಾಠಕ್ಕೆ ಅದೇ ಪ್ರಶ್ನೆಯನ್ನು ಎತ್ತಿಕೊಂಡಿದ್ದೇನೆ.

ಎರಡು ಬಗೆಯ ಮಾತು

‘ಮುದ್ದೆಗೆ ಬಸ್ಸಾರೇ ರುಚಿ’ ಎಂದರೆ ಅದು ನನ್ನ ನಾಲಗೆಯ ವಿಷಯ. ಅದನ್ನು ಯಾರೂ ತಪ್ಪೆನ್ನಲಾರರು. ‘ರಾಗಿಗಿಂತ ಅಕ್ಕಿಯಲ್ಲೇ ಕ್ಯಾಲ್ಸಿಯಂ ಹೆಚ್ಚು’ ಎಂದರೆ ಅದು ರಾಗಿ, ಅಕ್ಕಿಗಳ ವಿಷಯ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಮಾತಿನ ಮುಂದೆ ‘ನನ್ನ ಅಭಿಪ್ರಾಯದಲ್ಲಿ’ ಎಂದು ಸೇರಿಸಿದ ಮಾತ್ರಕ್ಕೆ ತಪ್ಪು ಸರಿಯಾಗುವುದಿಲ್ಲ.

ಒಬ್ಬ ಗುರು, ಒಬ್ಬ ವಿಜ್ಞಾನಿ

ದೊಡ್ಡವರಿಗೂ ಇದೇ ನಿಯಮ. ವಿಶ್ವ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ ಎಂಬುದು ಐನ್‌ಸ್ಟೈನ್ ಅವರ ಅಭಿಪ್ರಾಯವಾಗಿತ್ತು. ಅದಕ್ಕೆ ಹೊಂದುವಂತೆ 1917ರಲ್ಲಿ ತಮ್ಮ ಸಮೀಕರಣಕ್ಕೆ ಒಂದು ಪದವನ್ನೇ ಸೇರಿಸಿದರು. ಬೆಲ್ಜಿಯಂನ ಕಥೋಲಿಕ ಗುರು ಜಾರ್ಜ್ ಲಮೆಟ್ರ್ ಅವರು 1927ರಲ್ಲಿ, ವಿಶ್ವ ಹಿಗ್ಗುತ್ತಿದೆ ಎಂದು ಲೆಕ್ಕ ಹಾಕಿ ತೋರಿಸಿದರು. ಅದೇ ವರ್ಷ ಬ್ರಸೆಲ್ಸ್‌ನಲ್ಲಿ ಭೇಟಿಯಾದಾಗ ಐನ್‌ಸ್ಟೈನ್, ಗಣಿತವೇನೋ ಸರಿ, ಭೌತಶಾಸ್ತ್ರ ಒಪ್ಪುವಂಥದ್ದಲ್ಲ ಎಂದುಬಿಟ್ಟರು.

‘ನಿಮ್ಮದು ನಿಮಗೆ, ನನ್ನದು ನನಗೆ’ ಎಂದು ಇಲ್ಲಿ ಕೈತೊಳೆದುಕೊಳ್ಳುವಂತಿರಲಿಲ್ಲ. ವಿಶ್ವ ಒಂದೇ, ಹಿಗ್ಗುತ್ತಿರಬೇಕು, ಇಲ್ಲವೇ ಇಲ್ಲ. ದೂರದ ಗೆಲಾಕ್ಸಿಗಳು ಹೆಚ್ಚು ವೇಗವಾಗಿ ದೂರ ಸರಿಯುತ್ತಿರುವುದನ್ನು 1929ರಲ್ಲಿ ಹಬಲ್ ಅಳತೆಯಿಂದ ತೋರಿಸಿದರು. 1931ರಲ್ಲಿ ಐನ್‌ಸ್ಟೈನ್ ತಮ್ಮ ಹಳೆಯ ಅಭಿಪ್ರಾಯವನ್ನು ಕೈಬಿಟ್ಟರು. ಅದರಿಂದ ಅವರ ಹೆಸರಿಗೇನೂ ಕುಂದಾಗಲಿಲ್ಲ.

ನನ್ನದೇ ತಪ್ಪು

ಇನ್ನು ನಮ್ಮ ಹೊಸೂರು ಸೀಮೆಗೆ ಬರೋಣ. ‘ನಮ್ಮ ಹುಡುಗ ಹುಡುಗಿಯರಿಗೆ ಕನ್ನಡವೆಂದರೆ ನಾಚಿಕೆ. ಅದಕ್ಕೇ ಕನ್ನಡ ಪೂಜೆ ಬಿಟ್ಟು ತಮಿಳು ಪೂಜೆಗೆ ಹೋಗುತ್ತಾರೆ’ ಎಂದು ನಾನು ಒಂದು ವರ್ಷ ಹೇಳುತ್ತಲೇ ಇದ್ದೆ. ಪಾಲನಾ ಸಮಿತಿಯಲ್ಲೂ ಹೇಳಿದೆ. ಧರ್ಮೋಪದೇಶ ಕಲಿಸುವ ಅಕ್ಕ ಒಬ್ಬರು, “ಅವರನ್ನೇ ಕೇಳಿದ್ದೀಯೇನಪ್ಪ?” ಎಂದರು. ಕೇಳಿರಲಿಲ್ಲ.

ಕೇಳಿದಾಗ ತಿಳಿಯಿತು. ಮನೆಯಲ್ಲಿ ಆಡುವುದು ಕನ್ನಡ. ಶಾಲೆಯಲ್ಲಿ ಕಲಿತದ್ದು ತಮಿಳು ಅಕ್ಷರ. ಗೀತೆಗಳ ಪುಸ್ತಕ ಕೈಗೆ ಕೊಟ್ಟರೆ ಓದಲು ಬಾರದು. “ಮೊದಲನೇ ವಾಚನ ಓದು ಅಂತ ಕರೆದುಬಿಟ್ಟರೆ ಏನು ಮಾಡಲಿ ಅಣ್ಣ?” ಎಂದಳು ಒಬ್ಬಳು.

ನನ್ನದು ಬರೀ ಬೇರೆ ಅಭಿಪ್ರಾಯವಾಗಿರಲಿಲ್ಲ, ತಪ್ಪು ಅಭಿಪ್ರಾಯವಾಗಿತ್ತು. ಆ ತಪ್ಪಿನ ಭಾರ ಹೊತ್ತವರು ಆ ಮಕ್ಕಳು. ಸಾಕಷ್ಟು ಆಧಾರವಿಲ್ಲದೆ ನೆರೆಯವರಲ್ಲಿ ದೋಷವಿದೆ ಎಂದು ನಂಬುವುದನ್ನು ಧರ್ಮಸಭೆ ಎಂಟನೆಯ ಆಜ್ಞೆಗೆ ವಿರುದ್ಧವಾದ ದುಡುಕಿನ ತೀರ್ಪು ಎಂದು ಎಣಿಸುತ್ತದೆ. ಈಗ ಹಾಡುಗಳನ್ನು ತಮಿಳು ಅಕ್ಷರದಲ್ಲೂ ಬರೆದು ಹಂಚುತ್ತಿದ್ದೇವೆ. ಕೂಟದ ಮೊದಲ ಅರ್ಧ ಗಂಟೆ ಕನ್ನಡ ಅಕ್ಷರ ಕಲಿಕೆಗೆ ಮೀಸಲು.

ಎಲ್ಲವನ್ನೂ ಅಳೆಯಲಾದೀತೇ?

ಇಲ್ಲ. ಕನ್ನಡ ಪೂಜೆ ತಿಂಗಳಿಗೆ ಒಂದಿರಲಿ, ಎರಡಿರಲಿ ಎಂಬಲ್ಲಿ ಒಳ್ಳೆಯವರೇ ಬೇರೆ ಬೇರೆ ಮಾತು ಹೇಳಬಹುದು. ಆದರೆ ‘ಯುವಜನರಿಗೆ ಬೇಕಿಲ್ಲ, ಅದಕ್ಕೆ ಒಂದೇ ಸಾಕು’ ಎಂದರೆ ಆ ಸಲಹೆ ನಿಂತಿರುವುದು ಒಂದು ಸಂಗತಿಯ ಮೇಲೆ. ಆ ಸಂಗತಿ ನಿಜವೇ ಎಂದು ಮೊದಲು ನೋಡಬೇಕು.

ಆ ತಮ್ಮನಿಗೆ ನನ್ನ ಉತ್ತರ ಇಷ್ಟೇ: ಅಭಿಪ್ರಾಯ ಇಟ್ಟುಕೊಳ್ಳುವ ಹಕ್ಕು ನಿನಗುಂಟು. ಅದು ಸರಿಯೇ ಎಂದು ಕೇಳುವ ಹಕ್ಕು ನಮಗೂ ಉಂಟು. ಕೇಳುವಾಗ ಮೆತ್ತಗೆ ಕೇಳುವುದು ನಮ್ಮ ಕರ್ತವ್ಯ, ಆ ಅಕ್ಕ ನನ್ನನ್ನು ಕೇಳಿದಂತೆ.

ಗುಂಪಿನಲ್ಲಿ ಚರ್ಚಿಸಿ

1. ನೆರೆಯ ಭಾಷೆಯವರ ಬಗ್ಗೆ ನಾವು ಸದಾ ಹೇಳುವ ಒಂದು ಮಾತು ಯಾವುದು? ಅದನ್ನು ಎಂದಾದರೂ ವಿಚಾರಿಸಿ ನೋಡಿದ್ದೇವೆಯೇ?
2. ನನ್ನ ಅಭಿಪ್ರಾಯ ಬದಲಾಗಬೇಕಾದರೆ ನಾನು ಏನನ್ನು ಕಾಣಬೇಕು? ಏನನ್ನು ಕಂಡರೂ ಬದಲಾಗದು ಎಂದಾದರೆ, ನಾನು ಹಿಡಿದಿರುವುದು ಸತ್ಯವನ್ನೋ, ಹಟವನ್ನೋ?